ಸುಮ್ಮನಿರುವ ತರಬೇತಿ

ಆ ಕೇಂದ್ರದಲ್ಲಿ ಯಾರು ಏನು ಮಾಡಿದರೂ ಚಪ್ಪಾಳೆ. ಕುರ್ಚಿ ಎಳೆದುಕೊಂಡು ಕೂತರೆ ಚಪ್ಪಾಳೆ, ಬಾಟಲಿಯ ಮುಚ್ಚಳ ತಿರುಗಿಸಿದರೆ ಚಪ್ಪಾಳೆ, ಕೈ ತೊಳೆದು ಒರೆಸಿಕೊಂಡರಂತೂ ಕೇಂದ್ರ ನಡೆಸುವ ಮೇಡಂ ಎದ್ದು ನಿಂತೇ ತಟ್ಟುತ್ತಿದ್ದರು. ಶಾಲೆ ಮುಗಿಸಿದ, ಆಟಿಸಂ ಇರುವ ಯುವಕ ಯುವತಿಯರನ್ನು ಮುಂದಿನ ಓದಿಗೆ ಸಿದ್ಧಮಾಡುವ ಕೇಂದ್ರ ಅದು. ಅವರ ಪಕ್ಕದಲ್ಲಿ ಕೂತು ನೆರವಾಗುವ ಕೆಲಸ ಕಲಿಯಲೆಂದು ಒಂದು ವರ್ಷದ ಮಟ್ಟಿಗೆ ಸೇರಿದ್ದ ಅವಳಿಗೆ ಆ ಸದ್ದು ಕಂಡರಾಗುತ್ತಿರಲಿಲ್ಲ. ಅಲ್ಲಿನ ಒಬ್ಬ ಹುಡುಗಿ ಚಪ್ಪಾಳೆ ಬಿದ್ದ ಕೂಡಲೇ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. "ನೋಡ್ರೀ, ಎಷ್ಟು ನಾಚಿಕೆ ಇವಳಿಗೆ!" ಎಂದು ಮೇಡಂ ಇನ್ನೂ ಜೋರಾಗಿ ತಟ್ಟುತ್ತಿದ್ದರು.

ಮನೆಯಲ್ಲಿ ಅಣ್ಣನದು ಬೇರೆ ರಾಗ.

"ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ ಕೊನೆಗೆ ಆಯಾ ಕೆಲಸ ಹಿಡಿದ್ಯಲ್ಲೇ?"

"ಆಯಾ ಅಲ್ಲ. ಪಕ್ಕದಲ್ಲಿ ಕೂತ್ಕೊಳ್ಳೋದು."

"ಕೂತ್ಕೊಂಡು?"

"ಸುಮ್ನಿರೋದು."

"ಅದಕ್ಕೆ ತರಬೇತಿ ಬೇರೆ ಬೇಕಾ? ಅಪ್ಪ ಟಿವಿ ಮುಂದೆ ದಿನಾ ಅದನ್ನೇ ಮಾಡ್ತಾರೆ. ಅವರಿಗೂ ಒಂದು ಸರ್ಟಿಫಿಕೇಟ್ ಕೊಡ್ಸು."

ಅವಳು ಚೀಲ ಹೆಗಲಿಗೇರಿಸಿ ಹೊರಟಳು. ಅಣ್ಣನಿಗೆ ಉತ್ತರ ಕೊಡುವುದೆಂದರೆ ಅವನ ಮಟ್ಟಕ್ಕೆ ಇಳಿದಂತೆ ಎಂದು ಅವಳು ಚಿಕ್ಕಂದಿನಲ್ಲೇ ತೀರ್ಮಾನಿಸಿದ್ದಳು. ಆಮೇಲೆ ಆ ತೀರ್ಮಾನವನ್ನು ಒಬ್ಬೊಬ್ಬರಿಗಾಗಿ ಹಿಗ್ಗಿಸುತ್ತ ಬಂದಿದ್ದಳು; ಈಗ ಅದರೊಳಗೆ ಬಹುಪಾಲು ಜಗತ್ತೇ ಹಿಡಿಸುತ್ತಿತ್ತು.

ಸುಮ್ಮನಿರುವುದೇ ಆ ಕೆಲಸದ ಜೀವಾಳ ಎಂದು ಅವಳಿಗೆ ಕಲಿಸಿದ್ದು ಮೇಡಮ್ಮೇ. ಕೆಲಸ ಹೇಳಬೇಕು, ಕಾಯಬೇಕು. ಬಾಯಿ ಹಾಕಬಾರದು, ಕೈ ಹಾಕಬಾರದು. ಕೊಟ್ಟ ನೆರವನ್ನು ಗೊತ್ತಾಗದ ಹಾಗೆ ಹಿಂದಕ್ಕೆ ತೆಗೆದುಕೊಳ್ಳುತ್ತ ಹೋಗಬೇಕು. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ಬಿಟ್ಟು ಬೆಳಿಗ್ಗೆಯೆಲ್ಲ ಇದನ್ನೇ ಪಾಠ ಮಾಡಿದ ಮೇಡಂ, ಟೀ ಹೊತ್ತಿಗೆ ಒಬ್ಬ ಯುವಕನ ಬಾಯಿಗೆ ಬಿಸ್ಕತ್ತು ತುರುಕಿ, "ಇವನಿಗೆ ಸಿಹಿ ಅಂದ್ರೆ ಪ್ರಾಣ" ಎಂದು ಅವನ ಪರವಾಗಿ ತಾವೇ ಹೇಳಿಬಿಟ್ಟರು. ಅವನು ಬಿಸ್ಕತ್ತನ್ನು ಅಂಗೈಗೆ ಉಗುಳಿ ಮೇಜಿನ ಅಂಚಿನಲ್ಲಿ ಇಟ್ಟ. ಅವಳಿಗೆ ಅವನ ಮೇಲೆ ಗೌರವ ಹುಟ್ಟಿದ್ದು ಆಗ.

ಇಪ್ಪತ್ತೆರಡು ದಾಟಿದ, ದಟ್ಟ ಮೀಸೆಯ ಆಳು. ಎಲ್ಲರೂ ಅವನನ್ನು ಪುಟ್ಟ ಎನ್ನುತ್ತಿದ್ದರು. ಅವಳೊಬ್ಬಳೇ "ನೀವು" ಎಂದಾಗ ಕೇಂದ್ರವೇ ನಕ್ಕಿತು. "ಏನಮ್ಮಾ, ಪುಟ್ಟಂಗೆ ಬಹುವಚನ! ನಾಳೆ ಸಾರ್ ಅಂತೀಯೇನು?" ಎಂದರು ಮೇಡಂ. ಅವನು ಮಾತ್ರ ನಗಲಿಲ್ಲ. ಅವನಿಗೆ ಮಾತು ಬರುತ್ತಿತ್ತು. ಖರ್ಚು ಮಾಡುವ ಮನಸ್ಸಿರಲಿಲ್ಲ, ಅಷ್ಟೆ. ಅದು ಅವಳಿಗೆ ತುಂಬ ಹಿಡಿಸಿತು.

ಅವನಿಗೆ ಬೇಕಾಗಿದ್ದುದು ಒಂದೇ: ಪಕ್ಕದ ರಸ್ತೆಯ ತಾಂತ್ರಿಕ ಕಾಲೇಜಿನ ಮನೆ ನಕ್ಷೆ ಕೋರ್ಸು. ಅಸಾಧಾರಣ ಪ್ರತಿಭೆಯೇನಲ್ಲ. ಗೆರೆ ನೆಟ್ಟಗೆ ಬರುತ್ತಿತ್ತು, ವೇಗ ಕಡಿಮೆ, ಅಕ್ಷರ ಸುಮಾರು. ಆದರೆ ಆ ಕಾಲೇಜಿನ ಗೇಟಿನ ಎದುರು ಬಸ್ಸು ನಿಂತಾಗಲೆಲ್ಲ ಅವನು ಒಳಗೆ ನಕ್ಷೆ ಬೋರ್ಡು ಹಿಡಿದು ಹೋಗುವವರನ್ನು ಕತ್ತು ತಿರುಗಿಸಿ ನೋಡುತ್ತಿದ್ದ. "ಅಲ್ಲಿಗೆ" ಎಂದು ಒಂದು ದಿನ ಹೇಳಿದ. ಅವನ ಲೆಕ್ಕದಲ್ಲಿ ಅದು ದೊಡ್ಡ ಭಾಷಣ.

ಅಲ್ಲಿನ ನಕ್ಷೆ ಮೇಷ್ಟ್ರು ಒಪ್ಪಿದ್ದು ಒಂದು ಷರತ್ತಿನ ಮೇಲೆ. "ಒಂದು ನಕ್ಷೆ ಶೀಟು ಪೂರ್ತಿ ಒಬ್ಬನೇ ಹಾಕ್ಲಿ. ಯಾರೂ ಹೇಳ್ಕೊಡೋ ಹಾಗಿಲ್ಲ. ಹಾಕಿದ್ರೆ ಸೀಟು, ಇಲ್ಲಾಂದ್ರೆ ಬೇರೆ ದಾರಿ ನೋಡ್ಕೊಳ್ಳಿ. ನನ್ನ ಕ್ಲಾಸಲ್ಲಿ ಕೈ ಹಿಡಿದು ನಡೆಸೋರು ಯಾರೂ ಇಲ್ಲ."

ಅಭ್ಯಾಸ ಮಾಡಿಸುವ ಹೊಣೆ ಅವಳ ಮೇಲೆ ಬಿತ್ತು. ಅವಳು ಅವನ ಹಿಂದೆ ಬಲಗಡೆಗೆ ಕುರ್ಚಿ ಹಾಕಿಕೊಂಡು, ಅವನು ಮಾಡಿದ್ದನ್ನು ಬರೆದುಕೊಳ್ಳಲು ಪುಸ್ತಕ, ಪೆನ್ನು ಹಿಡಿದು ತಿಂಗಳುಗಟ್ಟಲೆ ಕೂತಳು. ಅವನು ಟಿ-ಸ್ಕ್ವೇರ್ ಪಟ್ಟಿ ಇಟ್ಟು ಬಾರ್ಡರ್ ಎಳೆಯುತ್ತಿದ್ದ, ನಿಲ್ಲುತ್ತಿದ್ದ, ಮತ್ತೆ ಹೊರಗೋಡೆ, ನಿಲ್ಲುತ್ತಿದ್ದ, ಮತ್ತೆ ಬಾಗಿಲು, ಕಿಟಕಿ. ಅವಳು ಒಂದಕ್ಷರ ಆಡಲಿಲ್ಲ, ತಲೆಯಾಡಿಸಲಿಲ್ಲ, ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮಿದಳು. ಚಪ್ಪಾಳೆಯ ಆ ಸಂತೆಯಲ್ಲಿ ನಿಜವಾಗಿ ಸುಮ್ಮನಿರಬಲ್ಲವಳು ತಾನೊಬ್ಬಳೇ ಎಂಬ ಗರ್ವ ಅವಳಿಗೆ ಒಳಗೊಳಗೇ ಏರುತ್ತಿತ್ತು. ಕೊನೆಕೊನೆಗೆ ಅವನು ಇಡೀ ಶೀಟನ್ನು ತಾನೇ ಮುಗಿಸುತ್ತಿದ್ದ.

ಪರೀಕ್ಷೆಯ ದಿನ ಮೇಡಂ ರೇಷ್ಮೆ ಸೀರೆ ಉಟ್ಟು ಬಂದರು, ಸೀಟು ತಮಗೇ ಸಿಗಬೇಕೇನೋ ಎಂಬಂತೆ. ಉದ್ದನೆಯ ಹಾಲ್, ಇಳಿಜಾರು ಬೋರ್ಡುಗಳು, ಪೆನ್ಸಿಲ್ ಪುಡಿಯ ವಾಸನೆ. ಮೇಷ್ಟ್ರು ಅವಳನ್ನೂ ಮೇಡಮ್ಮನ್ನೂ ಹಿಂದಿನ ಬೆಂಚಿಗೆ ಕಳಿಸಿದರು. "ಬರ್ಕೊಳ್ಳೋದೆಲ್ಲ ಏನೂ ಬೇಡ. ಪುಸ್ತಕ, ಪೆನ್ನು ಚೀಲಕ್ಕೆ ಹಾಕಿ. ಕೈ ಕಟ್ಕೊಂಡು ಕೂತ್ಕೊಳ್ಳಿ."

ಅವನು ಶೀಟಿಗೆ ಟೇಪ್ ಅಂಟಿಸಿದ. ಬಾರ್ಡರ್ ಎಳೆದ. ಪೆನ್ಸಿಲ್ ಕೆಳಗಿಟ್ಟ. ಕೈ ಎರಡನ್ನೂ ತೊಡೆಯ ಮೇಲಿಟ್ಟು ಕೂತ.

ಕೂತೇ ಇದ್ದ.

ಮೇಷ್ಟ್ರು ಗಡಿಯಾರ ನೋಡಿದರು, ಕಿಟಕಿ ನೋಡಿದರು, ಇವರನ್ನು ನೋಡಿದರು. ಅವಳಿಗೆ ಆ ಮೇಷ್ಟ್ರ ಮೇಲೆ ತಿರಸ್ಕಾರ ಉಕ್ಕಿತು. ಒಂದಿಷ್ಟು ಕಾಯಲು ಬಾರದ ಮನುಷ್ಯ. ಆದರೆ ಕಾದಷ್ಟೂ ಬೋರ್ಡಿನ ಮುಂದಿನ ಆ ಬೆನ್ನು ಅಲುಗಲಿಲ್ಲ. ಅವನ ಬಲಗಿವಿ ಮಾತ್ರ ಹಿಂದಕ್ಕೆ, ಅವಳ ಕಡೆಗೆ, ಸ್ವಲ್ಪ ವಾಲಿತ್ತು.

"ಏನಾಯ್ತಮ್ಮಾ ಇವನಿಗೆ? ಮಾನ ತೆಗೀತಾನಲ್ಲ," ಎಂದು ಮೇಡಂ ಪಿಸುಗುಟ್ಟಿದರು. ಇರುಸುಮುರುಸಿನಲ್ಲಿ ಚೀಲ ತಡಕಾಡಿ, ಯಾರಿಗೋ ಏನೋ ಬರೆಯಲೆಂದು ಪೆನ್ನು ತೆಗೆದು ಟಿಕ್ ಎಂದು ಒತ್ತಿದರು.

ಅವನು ತಟ್ಟನೆ ಪೆನ್ಸಿಲ್ ಎತ್ತಿಕೊಂಡು ಹೊರಗೋಡೆ ಎಳೆಯತೊಡಗಿದ.

"ಅಬ್ಬ!" ಎಂದು ಮೇಡಂ ಪೆನ್ನು ಚೀಲಕ್ಕೆ ಹಾಕಿದರು. ಅವರಿಗೆ ಏನೂ ಹೊಳೆಯಲಿಲ್ಲ. ಅವಳಿಗೆ ಹೊಳೆಯಿತು. ಇಷ್ಟು ತಿಂಗಳೂ ಅವನು ಒಂದೊಂದು ಹಂತ ಮುಗಿಸಿದಾಗ ಅವಳು ಅದನ್ನು ಗುರುತು ಹಾಕಿಕೊಂಡು ಪೆನ್ನಿನ ಗುಂಡಿ ಒತ್ತಿ ಮುಚ್ಚುತ್ತಿದ್ದಳು. ಅವನು ಆ ಟಿಕ್ಕಿಗೇ ಕಾಯುತ್ತಿದ್ದ. ಟಿಕ್ ಎಂದರೆ ಮುಂದಿನದು. ಅವಳು ಬಾಯಿಗೆ ಬೀಗ ಹಾಕಿಕೊಂಡು ಬೆರಳಿನಲ್ಲಿ ಅಪ್ಪಣೆ ಕೊಡುತ್ತ ಕೂತಿದ್ದಳು. ಮೇಡಮ್ಮಿನ ಚಪ್ಪಾಳೆ ಎಲ್ಲರಿಗೂ ಗೊತ್ತಾಗುವಂತಾದರೂ ಇತ್ತು, ಕಿವಿ ಮುಚ್ಚಿಕೊಳ್ಳಬಹುದಿತ್ತು.

ಹೊರಗೋಡೆ ಮುಗಿಯಿತು. ಮತ್ತೆ ಪೆನ್ಸಿಲ್ ಕೆಳಗೆ, ಕೈ ತೊಡೆಯ ಮೇಲೆ.

ಅವಳ ಕೈ ಚೀಲದೊಳಗೆ ಹೋಯಿತು. ಪೆನ್ನು ಸಿಕ್ಕಿತು. ಒಂದೊಂದು ಹಂತಕ್ಕೆ ಒಂದು ಟಿಕ್, ಯಾರ ಅಪ್ಪನಿಗೂ ಗೊತ್ತಾಗುವುದಿಲ್ಲ, ಸೀಟು ಅವನದು. ಆಮೇಲೆ? ಆಮೇಲೆ ಈ ಹಾಲಿನಲ್ಲಿ ಅವನೊಬ್ಬನೇ ಪ್ರತಿದಿನ ಬಾರ್ಡರ್ ಎಳೆದು ಸಂಜೆಯವರೆಗೆ ಹೀಗೇ ಕೂತಿರುತ್ತಾನೆ. ಇದೆಲ್ಲ ಗೊತ್ತಿದ್ದೂ ಮೇಷ್ಟ್ರು ಕುರ್ಚಿಯಿಂದ ಏಳುವುದನ್ನು ಕಂಡು ಅವಳ ಹೆಬ್ಬೆರಳು ಗುಂಡಿಯನ್ನು ಒತ್ತಿಬಿಟ್ಟಿತು.

ಅವನು ಪೆನ್ಸಿಲ್ ಎತ್ತಿದ. ಗೆರೆ ಎಳೆಯಲಿಲ್ಲ. ತಿರುಗಿ ಅವಳ ಚೀಲವನ್ನು ನೋಡಿದ, ಎದ್ದ, ಬೋರ್ಡುಗಳ ನಡುವೆ ನಡೆದು ಬಂದು ಕೈ ಚಾಚಿದ.

"ಕೊಡಿ."

ಅವಳು ಕೊಟ್ಟಳು. ಅವನು ತನ್ನ ಜಾಗಕ್ಕೆ ಹೋಗಿ ಕೂತು, ಎಡಗೈಯಲ್ಲಿ ಪೆನ್ನು ಹಿಡಿದು ತಾನೇ ಟಿಕ್ ಎಂದು ಒತ್ತಿದ. ಶೀಟಿನಲ್ಲಿ ಬಾಗಿಲು ಬರೆದ. ಟಿಕ್. ಕಿಟಕಿ. ಟಿಕ್. ಮೆಟ್ಟಿಲು. ಇದು ಮೊದಲೇ ಯಾಕೆ ಯಾರಿಗೂ ತಿಳಿಯಲಿಲ್ಲವೋ ಎಂಬ ಬೇಸರ ಮಾತ್ರ ಅವನ ಭುಜಗಳಲ್ಲಿತ್ತು. ಹಿಂದಿನ ಬೆಂಚಿನ ಕಡೆ ಮತ್ತೆ ತಿರುಗಲಿಲ್ಲ.

ಶೀಟು ಮುಗಿದಾಗ ಮೇಡಂ ಚಪ್ಪಾಳೆ ತಟ್ಟುತ್ತ ಮುಂದಕ್ಕೆ ಓಡಿದರು. "ಇದು ನಮ್ಮ ಕೇಂದ್ರದ್ದೇ ವಿಧಾನ ಸಾರ್! ಪೆನ್ನಿನ ಪದ್ಧತಿ. ನಾವೇ ಕಲಿಸಿದ್ದು."

ಮೇಷ್ಟ್ರು ಅವರನ್ನು ದಾಟಿ ಅವಳ ಕಡೆ ನೋಡಿದರು. "ಹೌದೇನಮ್ಮಾ? ನಿಮ್ಮ ಚೀಲದೊಳಗಿಂದ ಒಂದು ಸದ್ದು ಬಂತಲ್ಲ?"

ಮೇಡಂ ಅವಳ ಮೊಣಕೈ ಹಿಂಡಿದರು. ಹೌದೆಂದರೆ ಸಾಕಾಗಿತ್ತು. ಅವಳು ಮೊಣಕೈ ಬಿಡಿಸಿಕೊಂಡಳು. ಇಷ್ಟು ದಿನ ಯಾರಿಗೂ ಉತ್ತರ ಕೊಡದೆ ಕೂಡಿಟ್ಟ ಮಾತುಗಳಲ್ಲಿ ಈಗ ಬೇಕಾದುದು ಒಂದೂ ಸಿಗಲಿಲ್ಲ.

"ಅದು ನಾನು ಮಾಡಿದ್ದು ಸಾರ್," ಎಂದಳು ಕೊನೆಗೆ. "ಮೋಸಾನೇ. ಸದ್ದಿಗೆ ಕಾಯೋ ಅಭ್ಯಾಸ ಹಿಡಿಸಿದ್ದೂ ನಾನೇ, ಗೊತ್ತಿಲ್ದೆ. ಪೆನ್ನು ತಗೊಂಡಿದ್ದು ಮಾತ್ರ ಅವರದೇ ಯೋಚನೆ. ಯಾರೂ ಕಲಿಸಿಲ್ಲ. ನನ್ನ ಮೇಲೆ ಏನು ದೂರು ಬೇಕಾದ್ರೂ ಬರೀರಿ, ಸೀಟು ಅವರದು."

ಮೇಡಮ್ಮಿನ ಮುಖ ಇಂಗು ತಿಂದ ಮಂಗನಂತಾಯಿತು. ಮೇಷ್ಟ್ರು ಶೀಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಮೆಟ್ಟಿಲಿನ ಅಳತೆ ತಪ್ಪಿದೆ," ಎಂದು ಅವನಿಗೆ ಹೇಳಿದರು. "ಸೋಮವಾರ ಕ್ಲಾಸಿಗೆ ಬಂದು ಸರಿ ಮಾಡು. ಪೆನ್ನು ತಂದ್ಕೋ. ಇವರನ್ನ ಕರ್ಕೊಂಡು ಬರಬೇಡ."

ಅವನು ತಲೆಯಾಡಿಸಿದ, ಎಲ್ಲವನ್ನೂ ಒಪ್ಪಿಕೊಂಡವನಂತೆ.

ಹೊರಗೆ ಕಾರಿಡಾರಿನಲ್ಲಿ ಮೇಡಂ ಮುಂದೆ ಮುಂದೆ, ಫೋನಿನಲ್ಲಿ ಯಾರಿಗೋ ಗೆಲುವಿನ ಸುದ್ದಿ ಕೊಡುತ್ತ ನಡೆದಿದ್ದರು. ಅವಳು ಅವನ ಪಕ್ಕಕ್ಕೆ ಬಂದಳು. ಕ್ಷಮೆ ಕೇಳಿ ಅಭ್ಯಾಸವಿಲ್ಲದ ಬಾಯಿ.

"ನಾನು ತಪ್ಪು ಮಾಡಿದೆ," ಎಂದಳು.

"ಹೌದು," ಎಂದ ಅವನು. ಅದರಲ್ಲಿ ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ. ಹೇಳಿ, ಮೆಟ್ಟಿಲಿಳಿದು, ಅವಳಿಗಾಗಿ ಕಾಯದೆ ಬಸ್ಸಿನ ಕಡೆಗೆ ನಡೆದ.