ಜೋಡಿಗೆ ಒಂದೇ ಅಂಕ

ದೂರದ ಬೆಟ್ಟ ನುಣ್ಣಗೆ. ಅಂಕ ಹಾಕುವುದೇನು ಮಹಾ ಎಂದುಕೊಂಡು ರಾಮನಗರದ ತೀರ್ಪುಗಾರರ ತರಬೇತಿಗೆ ಬಂದವರೆಲ್ಲ ಎರಡನೇ ದಿನಕ್ಕೇ ತಲೆ ಹಿಡಿದು ಕೂತಿದ್ದರು. ಬೈರಾಪಟ್ಟಣದ ಪ್ರತಿಮಾಗೆ ಮಾತ್ರ ಏನೂ ಅನಿಸಲಿಲ್ಲ. ನಿಖಾತ್ ಬಿದ್ದ ದಿನದಿಂದ ಅವಳಿಗೆ ಯಾವುದೂ ಏನೂ ಅನಿಸುತ್ತಿರಲಿಲ್ಲ.

ಜೋಡಿ ಅಕ್ರೋಬ್ಯಾಟಿಕ್ಸ್‌ನಲ್ಲಿ ಪ್ರತಿಮಾ ಕೆಳಗೆ, ನಿಖಾತ್ ಅವಳ ಹೆಗಲ ಮೇಲೆ. ಮೂರು ವರ್ಷದ ಹಿಂದೆ ಸ್ಪರ್ಧೆಯೊಂದರಲ್ಲಿ ಹೆಗಲಿನಿಂದ ಪಲ್ಟಿ ಹೊಡೆಯುವಾಗ ನಿಖಾತ್ ಅಂಗಾತ ಬಿದ್ದಳು. ಮತ್ತೆ ಎದ್ದು ನಿಲ್ಲಲಿಲ್ಲ. "ನಾನೇ ಒಸಿ ಬೇಗ ಎಗರ್ಬುಟ್ಟೆ" ಎಂದು ಆಸ್ಪತ್ರೆಗೆ ಬಂದವರಿಗೆಲ್ಲ ಹೇಳಿದಳು. ಎಲ್ಲರೂ ನಂಬಿದರು, ಪ್ರತಿಮಾ ಕೂಡ. ಈ ತರಬೇತಿಗೆ ಅವಳನ್ನು ದಬ್ಬಿದ್ದೂ ನಿಖಾತೇ: "ನಮ್ಮಿಬ್ರಲ್ಲಿ ಒಬ್ಳಾದ್ರೂ ಮ್ಯಾಟ್ ಹತ್ರ ಇರ್ಲಿ ಕಣೇ."

ಪರೀಕ್ಷೆಯ ಹಿಂದಿನ ದಿನ ತರಬೇತುದಾರ ಮಧುಕುಮಾರ್ ಅಭ್ಯಾಸಕ್ಕೆಂದು ಒಂದು ವಿಡಿಯೋ ಹಾಕಿದರು. ಮುಖಗಳನ್ನು ಮಸುಕು ಮಾಡಿದ್ದರು. ಆದರೆ ತನ್ನ ಕಾಲು ತನಗೆ ಗೊತ್ತಾಗದೆ ಇರುತ್ತದೆಯೇ? ಕಲಿಸಿದ್ದಂತೆ ಪ್ರತಿಮಾ ಮೊದಲು ಕೆಳಗಿನವಳ ಪಾದ ನೋಡಿದಳು. ಮೇಲಿನವಳು ಎಗರುವ ಮುಂಚೆಯೇ ಬಲಪಾದ ಸರಿದಿತ್ತು. 'ಕೆಳಗಿನವಳ ಕಾಲು ಒಸಿ ಸರಿಯಿತು' ಎಂದು ಬರೆದಳು.

ಮಧುಕುಮಾರ್ ಬಗ್ಗಿ ನೋಡಿದರು. "ಒಸಿ ಅಂದ್ರೆ ಎಷ್ಟಮ್ಮಾ? ಅಂಕ ಹಾಕು. ಯಾರ ಕಾಲು ಅಂತ ಇಲ್ಲಿ ಯಾರೂ ಕೇಳಕ್ಕಿಲ್ಲ, ಕಳೆಯೋದು ಜೋಡಿಗೆ. ನಾಳೆ ಹಿಂಗೇ ಬರೆದ್ರೆ ಫೇಲಾಯ್ತೀಯ."

ಅವಳು ಅದನ್ನು ಹೊಡೆದುಹಾಕಿ, ಸರಿದದ್ದಕ್ಕೆ ಒಂದು ದಶಾಂಶ, ಅಂದರೆ ಅಂಕದ ಹತ್ತರಲ್ಲೊಂದು ಪಾಲು, ಬಿದ್ದದ್ದಕ್ಕೆ ಒಂದು ಪೂರ್ತಿ ಅಂಕ ಕಳೆದಳು. ಮಾರನೇ ದಿನ ಪಾಸೂ ಆದಳು. ಖುಷಿಯಾಗಲಿಲ್ಲ, ಅಳುವೂ ಬರಲಿಲ್ಲ.

ಸರ್ಟಿಫಿಕೇಟ್ ಹಿಡಿದು ಸೀದಾ ಚನ್ನಪಟ್ಟಣದ ನಿಖಾತ್ ಮನೆಗೆ ಹೋದಳು. ನಿಖಾತ್ ಗಾಲಿಕುರ್ಚಿಯಲ್ಲಿ ಕೂತು ಮರದ ಗೊಂಬೆಗೆ ಕಣ್ಣು ಬರೆಯುತ್ತಿದ್ದಳು.

"ನಮ್ ವಿಡಿಯೋ ತೋರ್ಸುದ್ರು. ಮೊದ್ಲು ಸರಿದಿದ್ದು ನನ್ ಕಾಲು ಕಣೇ," ಎಂದಳು ಪ್ರತಿಮಾ. "ನಿಂಗೆ ಗೊತ್ತಿತ್ತಾ?"

"ಹೆಗಲ ಮೇಲೆ ನಿಂತಿದ್ದೋಳಿಗೆ ಗೊತ್ತಾಗ್ದೆ ಇನ್ಯಾರಿಗೆ ಗೊತ್ತಾಯ್ತದೆ?" ನಿಖಾತ್ ಕುಂಚ ನಿಲ್ಲಿಸಲಿಲ್ಲ. "ಎಷ್ಟು ಕಳ್ದೆ?"

"ಒಂದು ದಶಾಂಶ."

"ಯಾರಿಗೆ?"

"ಜೋಡಿಗೆ."

"ಮತ್ತೆ? ಜೋಡಿ ಅಂದ್ರೆ ನಾನೂ ತಾನೆ? 'ನಾನೇ' ಅಂತ ನಾನಂದಿದ್ದು ಸುಳ್ಳೆಂಗಾಯ್ತದೆ?"

ಮೂರು ವರ್ಷದಿಂದ ಮರಗಟ್ಟಿದ್ದ ಪ್ರತಿಮಾಳ ಹೆಗಲು ಆಗ ನೋಯತೊಡಗಿತು.