ಕಿವಿಗೆ ಬಿದ್ದಂತೆ ಬರೆಯುವ ಹೆಸರು

ಒಬ್ಬ ತಾಯಿ ಅಂಗಡಿಗೆ ಬಂದವಳೇ ಮಗಳನ್ನು ಬೆಂಚಿನ ಮೇಲೆ ಕೂರಿಸಿ ಕಾಲಿನ ಪಟ್ಟಿ ಬಿಚ್ಚಿದಳು. ಹಿಮ್ಮಡಿಯ ಚರ್ಮ ಸುಲಿದು ಕೆಂಪಾಗಿತ್ತು.

"ನಿಮ್ಮದೇ ಅಂಗಡಿ ಅಂದ್ಕೊಂಡು ಬೂಟು ಆರ್ಡರ್ ಮಾಡಿದೆ ಕಣ್ರೀ. ನಿಮ್ಮ ವೆಬ್‌ಸೈಟ್ ಹೆಸರು ಹೊಡೆದ್ರೆ ಇನ್ಯಾವುದೋ ಬಂದಿದೆ. ನಂಗೆ ಗೊತ್ತೇ ಆಗ್ಲಿಲ್ಲ."

ಅಂಗಡಿಯ ಒಡತಿಯನ್ನು ಬೀದಿಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು. ಒಂದು ಕಾಲು ಗಿಡ್ಡ ಇರುವವರಿಗೆ, ಒಂದು ಪಾದ ಇನ್ನೊಂದಕ್ಕಿಂತ ದೊಡ್ಡದಿರುವವರಿಗೆ ಅಳತೆ ತೆಗೆದು ಬೂಟು ಹೊಲಿಯುವುದು ಅವಳ ಕಸುಬು. ಕಲಿಸಿದ್ದು ಅಪ್ಪ. ಅಪ್ಪ ತೀರಿಕೊಂಡ ಮೇಲೆ ಹಿಂದಿನ ಕೋಣೆಯ ಪಾದದಾಕಾರದ ಮರದ ಅಚ್ಚುಗಳು ಅವಳ ಪಾಲಿಗೆ, ಮುಂದಿನ ಕೌಂಟರು ತಮ್ಮನ ಪಾಲಿಗೆ ಬಂದಿದ್ದವು. ವೆಬ್‌ಸೈಟ್ ಮಾಡಿಸಿದ್ದೂ ತಮ್ಮನೇ. ಅಪ್ಪನ ಪೂರ್ತಿ ಹೆಸರು, ಅದರ ಬಾಲಕ್ಕೆ 'ಮತ್ತು ಮಕ್ಕಳು', ನಡುವೆ ಒಂದು ಅಡ್ಡಗೆರೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಇಪ್ಪತ್ತೊಂಬತ್ತು ಅಕ್ಷರ.

ಹುಡುಗಿಯ ಎರಡೂ ಪಾದಗಳ ಅಳತೆ ತೆಗೆದು ಕಳಿಸಿಕೊಟ್ಟ ಅಕ್ಕ ತಮ್ಮನತ್ತ ತಿರುಗಿದಳು.

"ಈ ಹೆಸರು ಬದಲಾಯಿಸ್ಬೇಕು."

"ಅಪ್ಪನ ಹೆಸರು ತೆಗೆಯೋದಾ? ಜನ ಏನಂತಾರೆ? ನಿಧಾನಕ್ಕೆ ಕಲ್ಕೋತಾರೆ ಬಿಡು."

"ಕಲ್ಕೊಳ್ಳೋಕೆ ಅವರೇನು ಪರೀಕ್ಷೆಗೆ ಕೂತಿದ್ದಾರಾ? ಆ ಮಗು ಕಾಲು ನೋಡಿದೆ ತಾನೇ?"

ಅವನು ಮುಖ ಊದಿಸಿಕೊಂಡ. ಅಕ್ಕ ವಾದ ಬೆಳೆಸದೆ ಫೋನು ಕೈಗೆತ್ತಿಕೊಂಡಳು. ಹನ್ನೆರಡು ಗಿರಾಕಿಗಳಿಗೆ ಆ ಹೆಸರನ್ನು ಒಂದೇ ಒಂದು ಸಲ ಹೇಳಿ, ಇಂಗ್ಲಿಷಿನಲ್ಲಿ ಬರೆದು ಫೋಟೋ ಕಳಿಸಿ ಎಂದಳು. ಹನ್ನೆರಡು ಜನರಿಂದ ಹನ್ನೊಂದು ಬಗೆಯ ಕಾಗುಣಿತ ಬಂತು. ಒಬ್ಬರಂತೂ ಅಡ್ಡಗೆರೆಯನ್ನು 'ಅಡ್ಡಗೆರೆ' ಎಂದೇ ಬರೆದು ಕಳಿಸಿದ್ದರು. ತಮ್ಮ ನಗಬಾರದೆಂದುಕೊಂಡೂ ನಕ್ಕುಬಿಟ್ಟ.

ಅಲ್ಲಿಂದ ಹುಡುಕಾಟ ಶುರುವಾಯಿತು. 'ಹೆಜ್ಜೆ' ಚೆನ್ನಾಗಿತ್ತು, ಯಾವುದೋ ನೃತ್ಯಶಾಲೆ ಆಗಲೇ ತೆಗೆದುಕೊಂಡಿತ್ತು. 'ಪಾದ' ಎಂದರೆ ಒಬ್ಬರು ಒಂದು ಎ ಹಾಕಿದರು, ಇನ್ನೊಬ್ಬರು ಎರಡು. ತಮ್ಮ 'ರಾಯಲ್' ಸೇರಿಸಿ ನಾಲ್ಕು ಹೆಸರು ತಂದ. "ಬ್ಯಾಂಡ್‌ಸೆಟ್ಟಿನವರ ಹೆಸರಿದ್ದ ಹಾಗಿದೆ," ಎಂದು ಅಕ್ಕ ನಾಲ್ಕನ್ನೂ ಹೊಡೆದುಹಾಕಿದಳು. ಬೂಟಿಗೆ ಅಟ್ಟೆ ಅಂಟಿಸುವಾಗಲೂ ಹೆಸರು ಹೇಳಿಕೊಳ್ಳುತ್ತ ಅವಳ ತುಟಿ ಅಲ್ಲಾಡುತ್ತಲೇ ಇತ್ತು. ಐದನೆಯ ದಿನ ತಮ್ಮ, "ಸಾಕು ಮಾರಾಯ್ತಿ, ಏನೋ ಒಂದು ಇಟ್ಬಿಡು," ಎಂದ.

"ಏನೋ ಒಂದು ಇಟ್ಟಿದ್ದಕ್ಕೇ ಅಲ್ವಾ ಇಷ್ಟೆಲ್ಲ ಆಗಿದ್ದು?"

ಅದೇ ಮಧ್ಯಾಹ್ನ ನಿವೃತ್ತ ಬಸ್ ಕಂಡಕ್ಟರ್ ಬಂದರು. ಅವರ ಬಲಗಾಲು ಎರಡು ಬೆರಳು ಗಿಡ್ಡ. ಅಕ್ಕ ಅವರನ್ನೂ ಬಿಡದೆ ಹೆಸರು ಕೇಳಿದಳು.

"ಹೆಸರು ಕಟ್ಕೊಂಡು ನನಗೇನಮ್ಮಾ? ಎಡಬಲ ಸರಿಯಾಗಿ ಕೊಟ್ರೆ ಸಾಕು."

ಅಕ್ಕನ ಕೈಯ ದಬ್ಬಣ ನಿಂತಿತು. "ಇನ್ನೊಂದ್ಸಲ ಹೇಳಿ?"

"ಎಡಬಲ ಅಂದೆ."

ಅವಳು ಆಗಲೇ ಫೋನು ಹುಡುಕುತ್ತಿದ್ದಳು. ಸಂಜೆಯೊಳಗೆ ಹನ್ನೆರಡು ಉತ್ತರ ಬಂದವು. ಹತ್ತು ಒಂದೇ ಥರ ಇದ್ದವು. ಇಬ್ಬರು ಮಾತ್ರ ಮೊದಲಿಗೆ 'ವೈ' ಸೇರಿಸಿದ್ದರು. ಹುಡುಕಿದರೆ ಆ ಹೆಸರನ್ನು ಇನ್ನೂ ಯಾರೂ ತೆಗೆದುಕೊಂಡಿರಲಿಲ್ಲ.

ತಮ್ಮ ಕಂಪ್ಯೂಟರಿನ ಮುಂದೆ ಕೂತಿದ್ದ. ಮೆಲ್ಲಗೆ ಕೇಳಿದ. "ಅಪ್ಪ ಎಲ್ಲೂ ಇರಲ್ವಾ ಹಾಗಾದ್ರೆ?"

ಅವನಿಗೆ ಹಟವಿರಲಿಲ್ಲ, ಸಂಕಟವಿತ್ತು ಎಂದು ಅಕ್ಕನಿಗೆ ಆಗ ಹೊಳೆಯಿತು. ಎದ್ದು ಬಂದು ಪಕ್ಕದಲ್ಲಿ ಕೂತಳು.

"ಯಾಕಿರಲ್ಲ? ಬಾಗಿಲ ಮೇಲಿನ ಬೋರ್ಡು ಹಾಗೇ ಇರುತ್ತೆ. ವೆಬ್‌ಸೈಟ್ ತೆರೆದ್ರೆ ಮೊದಲು ಕಾಣೋದು ಅಪ್ಪನ ಫೋಟೋ. ಆದ್ರೆ ಜನ ಅಲ್ಲಿವರೆಗೆ ಬಂದು ಮುಟ್ಟಬೇಕಲ್ಲೋ."

ಅವನು ಮೂಗು ಒರೆಸಿಕೊಂಡು ಕೀಲಿಮಣೆ ಎಳೆದುಕೊಂಡ. 'ವೈ' ಇರುವುದನ್ನೂ ಸೇರಿಸಿ ಎರಡೂ ಹೆಸರು ಕೊಂಡ. ಯಾವುದನ್ನು ಹೊಡೆದರೂ ಒಂದೇ ಅಂಗಡಿಗೆ ಬರುವಂತೆ ಮಾಡಿದ. ಹಳೆಯದನ್ನೂ ಇದಕ್ಕೇ ಜೋಡಿಸಿದ.

ತಿಂಗಳೊಳಗೆ ಗುರುತು ಪರಿಚಯವಿಲ್ಲದವರ ಕರೆಗಳು ಬರತೊಡಗಿದವು. ಒಂದು ಬೆಳಿಗ್ಗೆ ತಮ್ಮ ಕೌಂಟರಿನಲ್ಲಿ ನಿಂತು ಯಾರಿಗೋ ದೊಡ್ಡ ದನಿಯಲ್ಲಿ ಹೇಳುತ್ತಿದ್ದ.

"ಹೌದು ಸರ್, ಎಡಬಲ. ಅಷ್ಟೇ, ಏನೂ ಸೇರಿಸ್ಬೇಡಿ. ಹೆಸರು ಯಾರಿಟ್ಟಿದ್ದಾ? ನಾವೇ ಸರ್, ನಮ್ಮಕ್ಕ."

ಒಳಗೆ ಅಕ್ಕ ಹೊಸ ಅಚ್ಚಿಗೆ ಉಳಿ ಹಚ್ಚಿದಳು.