ಹಾಲುತುಪ್ಪಕ್ಕೆ ಮೊದಲು

ಕಂಠೆಪ್ಪ ಇನ್ನಿಲ್ಲವೆಂಬ ಸುದ್ದಿ ಉಸಗಾಂವದ ಆ ಒಂದು ಕೋಣೆಯ ಮನೆಗೆ ಬಂದದ್ದು ಸೋಮವಾರ ಮುಂಜಾನೆ. ಕೆಲಸಕ್ಕೆ ಹೊರಟವನು ಬಸ್ಸಿನಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದ. ಹೆಂಡತಿ ಭಾಗವ್ವನ ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಿಕಾಯಿತು. ಅಂದೇ ಸಂಜೆ ಮಣ್ಣು ಮಾಡಿದರು.

ಮರುದಿನ ಮಧ್ಯಾಹ್ನ ಬಾಗಿಲಲ್ಲಿ ಶ್ರೀರಂಜನಿ ನಿಂತಿದ್ದಳು. ಧಾರವಾಡದ ಹುಡುಗಿ, ಕಂಠೆಪ್ಪ ದುಡಿಯುತ್ತಿದ್ದ ಪ್ರಯೋಗಾಲಯದ ವಿಜ್ಞಾನಿ. ಎಪ್ಪತ್ತು ವರ್ಷಗಳಿಂದ ಯಾರ ಕಣ್ಣಿಗೂ ಬೀಳದ ಗುಲಾಬಿ ತಲೆಯ ಬಾತುಕೋಳಿಯನ್ನು ಮರಳಿ ತರುವ ಕೆಲಸ ಅಲ್ಲಿ ನಡೆದಿತ್ತು. ಹಳೆಯ ಒಣಚರ್ಮದಿಂದ ವಂಶವಾಹಿ ತೆಗೆದು, ಹರಿದುಹೋದ ಕಡೆ ಕೃತಕ ಬುದ್ಧಿಯಿಂದ ತೇಪೆ ಹಾಕಿ, ನೂರಾರು ಮೊಟ್ಟೆ ಕೆಟ್ಟ ಮೇಲೆ ಒಂದೇ ಒಂದು ಉಳಿದಿತ್ತು. ಅದರ ಕಾವುಪೆಟ್ಟಿಗೆ ನೋಡಿಕೊಳ್ಳುವುದು ಕಂಠೆಪ್ಪನ ಪಾಲಿಗೆ ಬಂದಿತ್ತು.

“ಭಾಗವ್ವಾರ, ಇಂಥಾ ಹೊತ್ತಿನ್ಯಾಗ ಬರಬಾರದಾಗಿತ್ರಿ,” ಎಂದಳು ಶ್ರೀರಂಜನಿ. “ಮರಿ ಒಳಗ ಕೊಕ್ಕು ಆಡಸ್ತಿತ್ತು. ನಿನ್ನಿಯಿಂದ ನಿಂತೈತಿ. ಕಂಪ್ಯೂಟರಿನಿಂದ ತಾಯಿಬಾತಿನ ಕೂಗು ಮಾಡಿ ಕೇಳಿಸಿದ್ವಿ. ಓ ಅನವಲ್ದು. ಸಂಜಿತನಕ ಒಡದು ಬರಲಿಲ್ಲಂದ್ರ ಉಸಿರುಗಟ್ಟಿ ಸಾಯ್ತೈತಿ.”

“ನಮ್ಮಪ್ಪ ಹೋಗಿ ಒಂದ ದಿನ ಆಗೇತ್ರಿ,” ಎಂದ ಮಗ ಮಾಂತೇಶ.

“ಅವರ ಧ್ವನೀನ ಬೇಕಾಗೇತ್ರಿ. ಆ ಕೋಣ್ಯಾಗ ಮಾತಾಡಬ್ಯಾಡ್ರಿ ಅಂತ ಹೇಳಿದ್ದೆ. ಇವತ್ತ ಕ್ಯಾಮೆರಾ ನೋಡಿದರ, ದಿನಾ ಪೆಟ್ಟಿಗಿ ಕಿಂಡಿಗೆ ಬಾಯಿ ಹಚ್ಚಿ ಮಾತಾಡ್ಯಾರ. ಆ ಕ್ಯಾಮೆರಾ ಧ್ವನಿ ಹಿಡಿಯೂದಿಲ್ಲ. ಮರಿ ಅವರನ್ನ ತಾಯಿ ಅಂತ ತಿಳಕೊಂಡೈತ್ರಿ.”

ಭಾಗವ್ವನಿಗೆ ಅಳುವಿನ ನಡುವೆಯೇ ನಗು ಬಂತು. “ಊರಾಗ ಕೋಳಿ ಕಾವಿಗೆ ಕುಂತರೂ ಹಂಗ ಮಾತಾಡತಿದ್ರು. ಯಾರ ಮಾತ ಕೇಳ್ಯಾರ ಅವರು!”

ಅವಳ ಫೋನಿನಲ್ಲಿ ಆ ಧ್ವನಿ ಇತ್ತು. ತಾನು ಮರಿಯನ್ನು ಕರೆಯುವುದನ್ನು ಕಂಠೆಪ್ಪ ಕಳೆದ ವಾರ ಪೆಟ್ಟಿಗೆಯ ಬಳಿಯಿಂದಲೇ ಕದ್ದು ಹಿಡಿದು ಕಳಿಸಿದ್ದ. ಆದರೆ ಮೂರನೆಯ ದಿನ ಗೋರಿಗೆ ಹಾಲುತುಪ್ಪ ಬಿಡುವವರೆಗೆ ಸತ್ತವರನ್ನು ಕರೆಯಬಾರದು. ಜೀವ ಹೊಸ್ತಿಲ ಬಳಿಯೇ ಇರುತ್ತದೆ. ಕರೆ ಕೇಳಿದರೆ ತಿರುಗಿ ಬಂದು ದಾರಿ ತಪ್ಪುತ್ತದೆ. ತನ್ನದೇ ಕೂಗು ಕೇಳಿದರಂತೂ ಇಲ್ಲಿಂದ ಕಾಲು ಕೀಳುವುದೇ ಇಲ್ಲ. ಅವಳ ಅತ್ತೆ ಹೇಳಿದ ಮಾತು ಅದು. ಹಾಲುತುಪ್ಪ ನಾಳೆ ಮುಂಜಾನೆ.

“ಬ್ಯಾಡ, ಯವ್ವಾ. ಅಪ್ಪನ ಜೀವ ನಡುವ ತೂಗಾಡೂದು ಬ್ಯಾಡ.” ಮಾಂತೇಶ ಶ್ರೀರಂಜನಿಯ ಕಡೆ ತಿರುಗಿದ. “ಇಲ್ಲದ ಪಕ್ಷಿ ಎಬ್ಬಸ್ತೀರಲ್ಲ ಅಕ್ಕಾರ, ತಾಕತ್ತಿದ್ರ ನಮ್ಮಪ್ಪನ್ನ ಎಬ್ಬಸ್ರಿ ನೋಡೋಣು.”

ಭಾಗವ್ವ ಮೊಳೆಗೆ ತೂಗುಹಾಕಿದ್ದ ಗಂಡನ ಅಂಗಿಯನ್ನು ನೋಡಿದಳು. ‘ಇವತ್ತೋ ನಾಳಿಯೋ ನನ್ನ ಕೂಸು ಹೊರಗ ಬರತೈತಿ’ ಎಂದು ಹೇಳಿಯೇ ನಿನ್ನೆ ಕೆಲಸಕ್ಕೆ ಹೊರಟಿದ್ದ.

“ಕೂಸು ಅಲ್ಲಿ ಸಾಯಾಕತ್ತಿದ್ರ ಅವರಿಗೆ ಮುಂದ ಹೆಜ್ಜಿ ಬರತೈತೇನೋ, ಮಾಂತೇಶಾ?” ಎಂದು ಎದ್ದಳು.

ಪ್ರಯೋಗಾಲಯದ ಪರದೆಯ ಮೇಲೆ ಮರಿಯ ಎದೆಬಡಿತದ ಗೆರೆ ಸೋಲುತ್ತಿತ್ತು. ಭಾಗವ್ವ ಫೋನನ್ನು ಪೆಟ್ಟಿಗೆಯ ಗಾಜಿಗೆ ಹಿಡಿದಳು. ಕಂಠೆಪ್ಪನ ಧ್ವನಿ ಕರೆಯಿತು: “ಬಾ, ಬಾ, ನನ್ನವ್ವಾ... ಹೊರಗ ಬಾ.” ಗೆರೆ ಏಳಲಿಲ್ಲ. ಇನ್ನೊಮ್ಮೆ ಕೇಳಿಸಿದಳು. ಇಲ್ಲ.

“ಕಂಪ್ಯೂಟರಿಗೆ ಕೊಡ್ರಿ,” ಎಂದಳು ಶ್ರೀರಂಜನಿ ಅವಸರದಿಂದ. “ಇದ ಧ್ವನ್ಯಾಗ ಬೇಕಾದಷ್ಟು ಮಾತು ಹುಟ್ಟಸ್ತೈತಿ.”

“ಬ್ಯಾಡ್ರಿ. ಅವರು ಆಡದ ಮಾತು ಅವರ ಬಾಯಾಗ ತುರುಕಬ್ಯಾಡ್ರಿ,” ಎಂದಳು ಭಾಗವ್ವ.

“ಕಿಂಡಿಗೆ ಹಿಡಿ, ಯವ್ವಾ.” ಗೋಡೆಗೆ ಆತು ನಿಂತಿದ್ದ ಮಾಂತೇಶ ಹೇಳಿದ. “ಅಪ್ಪ ಅಲ್ಲೇ ಬಾಯಿ ಹಚ್ಚತಿದ್ದನಲ್ಲ.”

ಅವಳು ಕಿಂಡಿಗೆ ಒತ್ತಿ ಹಿಡಿದಳು. ಮೂರನೆಯ ಸಲ ಕಂಠೆಪ್ಪ ಕರೆದ. ಒಳಗೆ ಟಿಕ್ ಎಂದಿತು. ಚಿಪ್ಪಿನ ಮೇಲೆ ಕೂದಲೆಳೆಯಂಥ ಬಿರುಕು ಮೂಡಿತು. ಅದರಿಂದ ಒದ್ದೆ ಕೊಕ್ಕೊಂದು ಇಣುಕಿ, ಸಣ್ಣಗೆ ಓಗೊಟ್ಟಿತು. ಓಗೊಟ್ಟು ಸುಮ್ಮನಾಗಲಿಲ್ಲ, ಕರೆದವನನ್ನು ಮತ್ತೆ ಮತ್ತೆ ಕರೆಯತೊಡಗಿತು.

ಕರೆಯಬಾರದವನನ್ನು ಮರಿ ಕರೆಯುತ್ತಿದೆ ಎಂದು ಭಾಗವ್ವನಿಗೆ ಹೊಳೆಯಿತು. ಫೋನು ಆರಿಸಿ ಸೆರಗಿನಲ್ಲಿ ಸುತ್ತಿ, ಕಣ್ಣು ಮುಚ್ಚಿ ಗಂಡನಿಗೆ ಕೈ ಜೋಡಿಸಿದಳು.

“ಕರಿಯಾಕತ್ತಿದ್ದು ಮರಿ ಐತ್ರಿ, ನಾನಲ್ಲ. ತಿರುಗಿ ನೋಡಬ್ಯಾಡ್ರಿ. ಕೂಸಿನ್ನ ನಾವು ನೋಡಕೋತೀವಿ. ಮಲ್ಲಯ್ಯಾ, ಇವರ ಕೈ ಹಿಡದು ದಾರಿ ದಾಟಸಪ್ಪಾ. ಇವರ ಜೀವ ತಣ್ಣಗಿರಲಿ.”